ತಲೆ ಎತ್ತಿದ ಜಹಾಜು

ಕಾಶಪ್ಪನ ಕೈದಾಟಿ ಹೋದ ಪರ್ಸಿ ತಿರುಗಿ ಬಂದಿತೆಂಬ ಮಾತನ್ನು ಶಹಾಬಾದದಲ್ಲಿ ಯಾರೂ ಕೇಳಿದ್ದಿಲ್ಲ. ಹಾಸುಗಲ್ಲಿಗೆ ಅಲ್ಲಿ ಪರ್ಸಿ ಎನ್ನುತ್ತಾರೆ. ಖಣಿಯಿಂದ ಬಂದ ಕಲ್ಲನ್ನು ಪಾಲಿಶ್ ಮಶೀನಿನ ಕೆಳಗೆ ಹಾಕಿ, ನೀರು ಬಿಟ್ಟು ಉಜ್ಜಿ, ಕಡೆಗೆ ಅದರ ಮೇಲೆ ಮಟ್ಟಗೋಲು ಇಟ್ಟು ಒಂದು ಕಣ್ಣು ಮುಚ್ಚಿ ನೋಡುವುದು ಅವನ ಪದ್ಧತಿ. ಗೋಲಿನ ಅಡಿಯಿಂದ ಕೂದಲೆಳೆಯಷ್ಟು ಬೆಳಕು ಹಾಯ್ದರೂ ಕಲ್ಲು ಮತ್ತೆ ಮಶೀನಿಗೆ ಹೋಗಬೇಕು. ಹಾಯದಿದ್ದರೆ ಅದರ ಮೇಲೆ ಅಂಗೈ ಇಟ್ಟು, ಕಲಬುರಗಿಯ ಶರಣನನ್ನು ನೆನೆದು, "ಶರಣಬಸಪ್ಪಾ" ಎನ್ನುತ್ತಿದ್ದ. ಆಮೇಲೆಯೇ ಮಾಲು ಲಾರಿ ಹತ್ತುತ್ತಿತ್ತು.

ಈಗ ಮಶೀನು ಮಗ ದೇವಾನಂದನ ಕೈಯಲ್ಲಿದೆ. ಆದರೂ ಬೆಳಿಗ್ಗೆ ಸ್ನಾನ ಮಾಡಿ, ಇಷ್ಟಲಿಂಗ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಕಾಶಪ್ಪ ಮನೆಗೆ ಹೊಂದಿಕೊಂಡ ತಗಡಿನ ಶೆಡ್ಡಿಗೆ ಹೋಗಿ ನಿಲ್ಲುತ್ತಾನೆ. ಒಂದೆರಡು ಕಲ್ಲಿನ ಮೇಲೆ ಗೋಲು ಇಟ್ಟು ನೋಡದಿದ್ದರೆ ಅವನಿಗೆ ರೊಟ್ಟಿ ಇಳಿಯುವುದಿಲ್ಲ.

ಅಂಥವನ ಕೈಗೆ ಒಂದು ಯುದ್ಧನೌಕೆ ಬಂದು ಬಿತ್ತು.

ಕೊಟ್ಟವನು ಮಶಾಕ. ಇಬ್ಬರೂ ಒಂದೇ ಶಾಲೆಯ ಒಂದೇ ಪರ್ಸಿಯ ಮೇಲೆ ಕೂತು ಅಕ್ಷರ ಕಲಿತವರು. ಮೀಸೆ ಮೂಡುವ ಹೊತ್ತಿಗೆ ಮಶಾಕ ನೌಕಾಪಡೆ ಸೇರಿದ. ಕಾಗಿಣಾ ನದಿಗಿಂತ ದೊಡ್ಡ ನೀರು ನೋಡಿರದ ಹುಡುಗ ಸಮುದ್ರಕ್ಕೆ ಹೋದನೆಂದು ಓಣಿಯವರೆಲ್ಲ ಅತ್ತರು. ಅವನು ವಿಕ್ರಾಂತ ಎಂಬ ದೊಡ್ಡ ವಿಮಾನವಾಹಕ ಜಹಾಜಿನ ಬಾಯ್ಲರಿನ ಮುಂದೆ ವರ್ಷಗಟ್ಟಲೆ ಬೆವರು ಸುರಿಸಿದ. ನಿವೃತ್ತನಾಗಿ ಬಂದು ಪಕ್ಕದ ಊರು ವಾಡಿಯಲ್ಲಿ ಮನೆ ಕಟ್ಟಿಸಿದ. ಆ ಮನೆಯ ನೆಲಕ್ಕೆ ಕಲ್ಲು ಹಾಕಿದವನು ಕಾಶಪ್ಪ.

"ನಾ ಜಹಾಜಿನ ಹೊಟ್ಟಿಯಾಗ ಇದ್ದಾಂವಲೇ ಕಾಶ್ಯಾ. ಸಮುದ್ರ ನೋಡಬೇಕಂದ್ರ ರಜಾ ಹಾಕಬೇಕಿತ್ತು" ಎಂದು ಅವನು ನಗುತ್ತಿದ್ದ. ನಗು ಮುಗಿದ ಮೇಲೆ ತಪ್ಪದೆ ಒಂದು ಮಾತು ಸೇರಿಸುತ್ತಿದ್ದ. "ಆದರ ನಮ್ಮ ವಿಕ್ರಾಂತ ಯಾವ ಬಂದರಿನ್ಯಾಗ ನಿಂತರೂ ತಲಿ ಎತ್ತಿ ನಿಲ್ತಿತ್ತು ನೋಡು."

"ನಿನ್ಹಾಂಗೇ. ಕಿಸೆದಾಗ ಏನಿಲ್ಲಂದ್ರೂ ತಲಿ ಮ್ಯಾಲೇ" ಎಂದು ಕಾಶಪ್ಪ ಅನ್ನುತ್ತಿದ್ದ.

ಆ ಜಹಾಜನ್ನು ಮುಂಬೈಯಲ್ಲಿ ಒಡೆದು ಗುಜರಿಗೆ ಹಾಕಿದರೆಂಬ ಸುದ್ದಿ ಬಂದ ದಿನ ಮಶಾಕ ಊಟ ಬಿಟ್ಟಿದ್ದ. ಅದನ್ನು ನೋಡಿದ್ದ ಮಗಳು ಫಿರ್ದೋಸ್, ಮುಂದೆ ಯಾವಾಗಲೋ ಹೊರದೇಶದಿಂದ ಅದರ ಪ್ಲಾಸ್ಟಿಕ್ ಮಾದರಿಯನ್ನು ತರಿಸಿಕೊಟ್ಟಳು. ಬಿಡಿಬಿಡಿ ತುಂಡುಗಳು. ಒಂದೊಂದನ್ನೇ ಅಂಟಿಸಿ ಜಹಾಜು ಕಟ್ಟಬೇಕು. ಮಶಾಕ ನಾಳೆ ನಾಳೆ ಎಂದು ಅಟ್ಟದ ಮೇಲೆ ಇಟ್ಟ. ಚಿತ್ರವಿದ್ದ ರಟ್ಟಿನ ಪೆಟ್ಟಿಗೆಯನ್ನೂ, ಹೇಗೆ ಕಟ್ಟಬೇಕೆಂದು ಬರೆದ ಹಾಳೆಯನ್ನೂ ಗೆದ್ದಲು ತಿಂದು ಮುಗಿಸಿತು. ಗೆದ್ದಲಿಗೆ ರುಚಿಸದ ಪ್ಲಾಸ್ಟಿಕ್ ಮಾತ್ರ ಉಳಿಯಿತು. ಅಷ್ಟರಲ್ಲಿ ಮಶಾಕನ ಕೈ ನಡುಗಲು ಹತ್ತಿದವು.

ಹಾಸಿಗೆ ಹಿಡಿದಾಗ ಅವನು ತುಂಡುಗಳನ್ನೆಲ್ಲ ಬಿಸ್ಕೀಟಿನ ಡಬ್ಬಿಗೆ ತುಂಬಿ ಕಾಶಪ್ಪನ ತೊಡೆಯ ಮೇಲೆ ಇಟ್ಟ.

"ನಿನ್ನ ಕೈ ಇನ್ನ ನೆಟ್ಟಗದಾವ. ನೀ ಮುಗಸು. ನನಗಲ್ಲ, ತಾಜೂಗ. ಆಕಿ ಒಮ್ಮೆ ಹತ್ತ್ಯಾಳ ಆ ಜಹಾಜ್. ಮತ್ತೊಮ್ಮೆ ಕಣ್ತುಂಬ ನೋಡಲಿ." ತಾಜೂ ಎಂದರೆ ಅವನ ಹೆಂಡತಿ ತಾಜುನ್ನಿಸಾ.

"ನೀನೇ ಮುಗಸ್ತಿ ತಗೋ. ನಾ ತುಂಡು ಹಿಡಕೋತೀನಿ."

"ಸುಳ್ಳು ಹೇಳಬ್ಯಾಡ. ವಿಭೂತಿ ಹಚ್ಕೊಂಡು ಸುಳ್ಳು ಹೇಳಬಾರದು."

ಅದಾದ ಸ್ವಲ್ಪ ದಿನಕ್ಕೆ ಮಶಾಕ ಹೋದ. ಕಾಶಪ್ಪ ಮಣ್ಣು ಹಾಕಿ ಬಂದ. ಬಂದ ಮೇಲೆ ಡಬ್ಬಿಯನ್ನು ತೆರೆಯಲು ಅವನಿಂದ ಆಗಲಿಲ್ಲ. ಪೂಜೆಗೆ ಕೂತಾಗ ಕಣ್ಣು ಮುಚ್ಚಿದರೆ ಲಿಂಗದ ಬದಲು ಗೆಳೆಯನ ನಡುಗುವ ಕೈ ಕಾಣುತ್ತಿತ್ತು. ಶಿವನೇ, ಇದು ಅಪಚಾರವಾದರೆ ಕ್ಷಮಿಸು, ಆದರೆ ನೀನೇ ತೋರಿಸುತ್ತಿದ್ದರೆ ನಾನೇನು ಮಾಡಲಿ, ಎಂದು ಕೇಳಿಕೊಂಡ. ಸತ್ತವನಿಗಾಗಿ ಪ್ರಾರ್ಥಿಸುವ ವರ್ಷದ ಫಾತಿಹಾ ಹತ್ತಿರ ಬಂದಿತು. ಅಂದು ನೆಂಟರೆಲ್ಲ ಸೇರುತ್ತಾರೆ. ಆ ದಿನ ಮಶಾಕನ ಮನೆಯಲ್ಲಿ ವಿಕ್ರಾಂತ ಇರಬೇಕು ಎಂದು ಒಂದು ಮುಂಜಾನೆ ನಿಶ್ಚಯಿಸಿ, ಪೂಜೆ ಮುಗಿಸಿದವನೇ ಡಬ್ಬಿಯ ಮುಚ್ಚಳ ತೆಗೆದ.

ಒಮ್ಮೆ ಕೈ ಹಚ್ಚಿದ ಮೇಲೆ ಅವನಿಗೆ ಅಂಜಿಕೆ ಇರಲಿಲ್ಲ. ಕಲ್ಲಾದರೇನು, ಪ್ಲಾಸ್ಟಿಕ್ಕಾದರೇನು, ಕೈ ಒಂದೇ. ಮುಳ್ಳು ಕೀಳುವ ಚಿಮಟಿಗೆಯಿಂದ ಸಣ್ಣ ತುಂಡುಗಳನ್ನು ಎತ್ತಿದ. ಉಗುರು ಕತ್ತರಿಸುವ ಕಟರಿನಿಂದ ತುಂಡುಗಳ ಬಾಲ ಕತ್ತರಿಸಿದ. ಪಾಲಿಶಿನ ನುಣುಪು ಕಾಗದವನ್ನು ಒದ್ದೆ ಮಾಡಿ ಜೋಡಣೆಯ ಗೆರೆಗಳನ್ನು ಉಜ್ಜಿ ಮಾಯ ಮಾಡಿದ. ಜಹಾಜಿನ ಬಣ್ಣ ಯಾವುದೆಂದು ಮಶಾಕ ಎಂದೋ ಹೇಳಿದ್ದ: ಮಳೆ ಬಿದ್ದ ಪರ್ಸಿಯ ಬಣ್ಣ. ಹಾಗಾಗಿ ಒಂದು ಕಲ್ಲಿನ ಮೇಲೆ ತಂಬಿಗೆ ನೀರು ಸುರಿದು, ಅದು ಒಣಗುವುದರೊಳಗೆ ಅದರ ಪಕ್ಕದಲ್ಲೇ ಕಪ್ಪು ಬಿಳಿ ಬಣ್ಣ ಕಲೆಸಿ ಹದ ಹಿಡಿದ.

ಹೆಂಡತಿ ಜಗದೇವಿ ಜೋಳ ಹಸನು ಮಾಡುತ್ತ ನೋಡುತ್ತಿದ್ದಳು.

"ಮೊಮ್ಮಕ್ಕಳ ಆಟಗಿ ಸಾಮಾನ ಮುಟ್ಟಿದ್ರ ಬೈತಿದ್ರಿ. ಈಗ ನೀವೇ ಆಟಕ್ಕ ಕುಂತೀರಿ."

"ಆಟಲ್ಲ ಇದು. ಇದರ ಮ್ಯಾಲಿಂದ ಇಮಾನ ಹಾರ್ತಿದ್ದವು."

"ಹಾರಲಿ. ನನ್ನ ಜ್ವಾಳದಾಗ ಇಳೀದಿದ್ರ ಸಾಕು."

ಕಡೆಗೆ ಉಳಿದದ್ದು ಜಹಾಜಿನ ಮೇಲ್ಗಡೆಯ ಅಟ್ಟ. ವಿಮಾನಗಳು ಓಡಿ ಹಾರುವ ಬಯಲು ಅದೇ. ಒಂದೂವರೆ ಗೇಣಿನ ಆ ಉದ್ದ ತುಂಡನ್ನು ಕಾಶಪ್ಪ ಪರ್ಸಿಯ ಮೇಲೆ ಇಟ್ಟು, ಅಭ್ಯಾಸ ಬಲದಿಂದ ಒಂದು ಕಣ್ಣು ಮುಚ್ಚಿದ. ಮುಂದಿನ ತುದಿ ಕಲ್ಲನ್ನು ಮುಟ್ಟಿರಲಿಲ್ಲ. ನಾಲ್ಕು ಬೆರಳಿನಷ್ಟು ಭಾಗ ಮೆಲ್ಲಗೆ ಮೇಲಕ್ಕೆ ಬಾಗಿತ್ತು. ಅಡಿಯಿಂದ ಬೆಳಕು ಧಾರಾಳವಾಗಿ ಹಾಯುತ್ತಿತ್ತು.

"ಸೊಟ್ಟ ಆಗ್ಯದ" ಎಂದ.

ಸೊಟ್ಟಾಗಲು ಕಾರಣ ಹುಡುಕಬೇಕಾಗಿರಲಿಲ್ಲ. ಆ ಸೀಮೆಯ ಬೇಸಿಗೆಯಲ್ಲಿ ಅಂಗಳದ ಪ್ಲಾಸ್ಟಿಕ್ ಕುರ್ಚಿ ಕಾಲು ಚಾಚುತ್ತದೆ, ಬಕೆಟ್ಟಿನ ಬಾಯಿ ಓರೆಯಾಗುತ್ತದೆ. ಮಶಾಕನ ಮನೆಯ ಅಟ್ಟ ತಗಡಿನ ಕೆಳಗೆ. ಅಲ್ಲಿ ವರ್ಷಗಟ್ಟಲೆ ಬೆಂದ ವಸ್ತು ನೆಟ್ಟಗಿರುವುದುಂಟೆ?

"ಅದು ಇರೂದೇ ಹಾಂಗೇನೋ" ಎಂದಳು ಜಗದೇವಿ. "ತಾಜಮ್ಮಗ ಒಂದ್ ಮಾತ ಕೇಳ್ರಿ."

"ಕೇಳೂದೇನದ? ಇಮಾನ ಓಡೂ ನೆಲ ಎಲ್ಲ್ಯಾದರೂ ಸೊಟ್ಟ ಇರ್ತದೇನ? ಕಲಬುರಗಿ ಇಮಾನ ಅಡ್ಡಾ ನೋಡೀವಲ್ಲ, ರೊಟ್ಟಿ ಹಂಚಿನ್ಹಾಂಗ ಸಪಾಟ ಅದ."

ದೇವಾನಂದ ಮೊಬೈಲಿನಲ್ಲಿ ಹುಡುಕಿ ವಿಕ್ರಾಂತದ ಒಂದು ಫೋಟೋ ತೆಗೆದು ತೋರಿಸಿದ. ಕಪ್ಪು ಬಿಳುಪಿನ ಚಿತ್ರ. ಎಪ್ಪತ್ತೊಂದರ ಯುದ್ಧದ ಕಾಲದ್ದೆಂದು ಕೆಳಗೆ ಬರೆದಿತ್ತು. ಅದರಲ್ಲಿ ಜಹಾಜಿನ ಮೈ ತುದಿಯಿಂದ ತುದಿಗೆ ಒಂದೇ ಸಮ.

"ನೋಡು" ಎಂದು ಕಾಶಪ್ಪ ಫೋನನ್ನು ಹೆಂಡತಿಯ ಮುಖದ ಮುಂದೆ ಹಿಡಿದ. "ಇನ್ನ್ಯಾರಿಗಿ ಕೇಳಬೇಕು?"

ಪರಾತದಲ್ಲಿ ಬಿಸಿನೀರು ತುಂಬಿ, ಸೊಟ್ಟ ತುದಿಯನ್ನು ಅದ್ದಿ, ಮೆತ್ತಗಾದ ಕೂಡಲೆ ತೆಗೆದು, ಎರಡು ಪರ್ಸಿಗಳ ನಡುವೆ ಒತ್ತಿ ಇಟ್ಟ. ಮರುದಿನ ತೆಗೆದು ಗೋಲು ಹಿಡಿದ. ಬೆಳಕಿಲ್ಲ. ಅಂಗೈ ಇಟ್ಟು "ಶರಣಬಸಪ್ಪಾ" ಎಂದ. ಅಟ್ಟ ಒಡಲಿಗೆ ಅಂಟಿತು. ಜಹಾಜು ಮುಗಿಯಿತು.

ಡಬ್ಬಿಯ ತಳದಲ್ಲಿ ಎರಡು ಸಣ್ಣ ತುಂಡುಗಳು ಉಳಿದಿದ್ದವು. ಬೆಣೆಯಂತೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಯಾವ ಮಶೀನು ಬಿಚ್ಚಿ ಕಟ್ಟಿದರೂ ಒಂದೆರಡು ನಟ್ಟು ಹೆಚ್ಚಿಗೆ ಉಳಿಯುತ್ತವೆ, ಹಾಗೇ ಇವೂ ಎಂದು ಕಾಶಪ್ಪ ಎಸೆಯಲು ಹೋದ. ಜಗದೇವಿ ಕೈ ಹಿಡಿದಳು.

"ಸತ್ತಾಂವನ ಸಾಮಾನ ಎಸೀತಾರೇನ್ರಿ?" ಎಂದು ಅವನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಗೋಡೆಯ ಮಾಡದಲ್ಲಿ ಇಟ್ಟಳು.

ಫಾತಿಹಾ ಇನ್ನೂ ಕೆಲವು ದಿನ ಇರುವಾಗ, ತಾಜುನ್ನಿಸಾಳಿಗೆ ಮೊದಲು ತೋರಿಸಿ ಬರೋಣವೆಂದು ಕಾಶಪ್ಪ ಜಹಾಜನ್ನು ಟವೆಲಿನಲ್ಲಿ ಸುತ್ತಿ ವಾಡಿಗೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿದ. ತೊಡೆಯ ಮೇಲಿನ ಗಂಟಿನಿಂದ ಜಹಾಜಿನ ಕಂಬ ಹೊರಗೆ ಇಣುಕುತ್ತಿತ್ತು. ಎದುರಿಗೆ ಕೂತ ಕುರಕುಂಟಾ ಊರಿನ ಮುದುಕನೊಬ್ಬ ಅದನ್ನೇ ನೋಡಿದ.

"ಏನ್ರಿ ಅದು?"

"ಹಡಗು."

"ಎಲ್ಲಿಗಿ ಹೊಂಟದ?"

"ವಾಡಿಗಿ."

"ವಾಡಿಗಿ ನಳದ ನೀರೇ ಸರಿಯಾಗಿ ಬರವಲ್ಲದು ಅಂತಾರ. ಹಡಗ ಒಯ್ದು ಏನ್ ಮಾಡ್ತೀರಿ?"

ರೈಲಿನ ಡಬ್ಬಿಯೆಲ್ಲ ನಕ್ಕಿತು. ಕಾಶಪ್ಪನೂ ನಕ್ಕು ಟವೆಲ್ ಸರಿಸಿ ತೋರಿಸಿದ. ಮುದುಕ ಬೆರಳು ಸೋಕಿಸದೆ ಕೈ ಹಿಂದೆ ಕಟ್ಟಿಕೊಂಡು ಬಾಗಿ ನೋಡಿ, "ಹೆಂಥಾ ನುಣುಪು ಮಾಡೀರಿ! ಕಲ್ಲಿನ ಕೆಲಸದವರಾ?" ಎಂದ. ಆ ಮಾತಿನಿಂದ ವಾಡಿ ಬರುವವರೆಗೆ ಕಾಶಪ್ಪನ ಎದೆ ಉಬ್ಬಿತ್ತು.

ತಾಜುನ್ನಿಸಾ ಬಾಗಿಲಲ್ಲೇ ನಿಂತಿದ್ದಳು. "ಬರ್ರಿ ಕಾಶಣ್ಣ, ಕುಂದ್ರಿ" ಎಂದು ಚಾಪೆ ಹಾಸಿದಳು. ಮಶಾಕ ಇದ್ದಾಗ ಗಲಗಲ ಮಾತಾಡುತ್ತಿದ್ದ ಹೆಂಗಸು, ಈಗ ದುಪಟ್ಟದ ಅಂಚು ಹಿಡಿದು ಸುಮ್ಮನೆ ಕೂರುವುದನ್ನು ಕಲಿತಿದ್ದಳು. ಕಾಶಪ್ಪ ತಾನೇ ಹಾಕಿದ ನೆಲದ ಮೇಲೆ ಜಹಾಜನ್ನು ಇಟ್ಟು ಟವೆಲ್ ತೆಗೆದ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ತೋರುಬೆರಳನ್ನು ಜಹಾಜಿನ ಹಿಂಬದಿಯ ತುದಿಗೆ ಇಟ್ಟು, ಅಟ್ಟದ ಮೇಲೆ ಮೆಲ್ಲಗೆ ಮುಂದಕ್ಕೆ ಸರಿಸುತ್ತ ಬಂದಳು. ಮುಂದಿನ ತುದಿಗೆ ಬಂದು ಬೆರಳು ನಿಂತಿತು. ಏನೋ ಹುಡುಕಿದ ಹಾಗೆ ಅತ್ತಿತ್ತ ಆಡಿತು. ಹಿಂದೆ ಸರಿಯಿತು.

"ಭಾಳ ಛಂದ ಆಗ್ಯದ ಕಾಶಣ್ಣ. ಅಲ್ಲಾ ನಿಮಗ ಒಳ್ಳೇದ್ ಮಾಡ್ಲಿ."

ಮಾತು ಸರಿಯಿತ್ತು, ದನಿ ಸರಿಯಿರಲಿಲ್ಲ. ಅಷ್ಟು ವರ್ಷ ಗಿರಾಕಿಗಳನ್ನು ಕಂಡವನಿಗೆ ಅದು ತಿಳಿಯದೆ ಹೋಗಲಿಲ್ಲ. ಕಲ್ಲು ಒಪ್ಪದ ಗಿರಾಕಿ ಸಹ ಮೊದಲು ಹೀಗೆಯೇ ಹೊಗಳುತ್ತಾನೆ.

"ಏನರೆ ತಪ್ಪದ ಏನ್ ಭಾಬಿ? ಬಾಯಿ ಬಿಚ್ಚಿ ಹೇಳ್ರಿ. ನನಗ ಸಂಕೋಚ ಬ್ಯಾಡ."

"ತಪ್ಪೇನಿಲ್ಲ."

"ಭಾಬಿ."

ಅವಳು ನೆಲ ನೋಡುತ್ತ ಹೇಳಿದಳು. "ಇದೂ ವಿಕ್ರಾಂತೇ ಇರಬೇಕು. ಆದರ ಇದು ಅವರ ಜಹಾಜ್ ಅಲ್ಲ ಕಾಶಣ್ಣ."

ಒಂದು ಸಲ, ಮನೆಯವರಿಗೆಲ್ಲ ಜಹಾಜು ತೋರಿಸುವ ದಿನ, ಮಶಾಕ ಅವಳನ್ನು ಮುಂಬೈಗೆ ಕರೆದೊಯ್ದಿದ್ದ. ಫಿರ್ದೋಸ್ ಕಂಕುಳ ಕೂಸು. ಜಹಾಜಿನ ಅಟ್ಟದ ಮೇಲೆ ನಡೆದು ನಡೆದು ಮುಂದಿನ ತುದಿಗೆ ಬಂದರೆ ಅಲ್ಲಿ ನೆಲವೇ ಏರಿತ್ತು. ವಿಮಾನಗಳು ಓಡಿ ಬಂದು ಆ ಏರಿನಿಂದ ಆಕಾಶಕ್ಕೆ ಜಿಗಿಯುತ್ತವೆ ಎಂದು ಮಶಾಕ ಹೇಳಿದ. ಅವಳ ಹೊಸ ಚಪ್ಪಲಿ ಜಾರಿತು.

"ನಾ ಅಂಜಿ ಅಲ್ಲೇ ನಿಂತೆ. ಆಗ ಅವರು ಅಷ್ಟೂ ಮಂದಿ ಮುಂದ, ಸಾಹೇಬರು ಸಿಪಾಯಿಗಳು ಎಲ್ಲಾರ ಮುಂದ ನನ್ನ ಕೈ ಹಿಡಿದ್ರು. ಮನಿಯಾಗ ಅತ್ತಿ ಮುಂದ ಹೆಸರ ಹಿಡದು ಕರದವರಲ್ಲ. ಅವತ್ತ ಕೈ ಹಿಡಿದು ಮ್ಯಾಲ ಹತ್ತಿಸಿದ್ರು. 'ನೋಡು ತಾಜೂ, ನಮ್ಮ ಜಹಾಜ್ ತಲಿ ಎತ್ತಿ ನಿಂತದ' ಅಂದ್ರು. ಬೆರಳಿಗಿ ಆ ಏರು ಸಿಗ್ತದೇನೋ ಅಂತ ನೋಡ್ದೆ, ಅಷ್ಟೇ."

ತಲಿ ಎತ್ತಿ. ಆ ಮಾತನ್ನು ಕಾಶಪ್ಪ ಅದೆಷ್ಟು ಸಲ ಕೇಳಿರಲಿಲ್ಲ! ಜಂಬದ ಮಾತೆಂದು ಪ್ರತಿ ಸಲವೂ ಅಣಕಿಸಿದ್ದ. ಮಶಾಕ ಜಂಬ ಕೊಚ್ಚಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ.

"ಮೊಬೈಲಿನ್ಯಾಗ ಎಪ್ಪತ್ತೊಂದರ ಫೋಟೋ ನೋಡಿದೆ, ಅದರಾಗ ಸಪಾಟ ಇತ್ತಲ್ಲ ಭಾಬಿ" ಎಂದ.

"ಮೊದಲ ಸಪಾಟೇ ಇತ್ತಂತ. ಆಮ್ಯಾಲ ಏರು ಕಟ್ಟಿದ್ರಂತ. ಇವರಿದ್ದದ್ದು ಏರು ಕಟ್ಟಿದಮ್ಯಾಲ. ಇರ್ಲಿ ಬಿಡ್ರಿ ಕಾಶಣ್ಣ, ಬಂದವರಿಗಿ ಏನ್ ಗೊತ್ತಾಗ್ತದ?"

"ಬಂದವರಿಗಿ ಮಾಡಿಲ್ಲ ಇದು." ಕಾಶಪ್ಪ ಟವೆಲ್ ಬಿಡಿಸಿ ಜಹಾಜನ್ನು ಮತ್ತೆ ಸುತ್ತತೊಡಗಿದ. "ನನ್ನ ಕೈಯಾನ ಮಾಲ ಇವತ್ತಿನ ತನಕ ತಿರುಗಿ ಬಂದಿರ್ಲಿಲ್ಲ. ಇವತ್ತ ಬಂತು. ಬಂದಿದ್ದು ಸುಧಾರಿಸಿ ಕಳಸೂದು ನನ್ನ ಧರ್ಮ. ಏರು ಎಷ್ಟಿತ್ತು ಹೇಳ್ರಿ, ಉಳದದ್ದು ನನಗ ಬಿಡ್ರಿ."

ತಾಜುನ್ನಿಸಾ ಅಂಗೈ ಓರೆ ಹಿಡಿದು ಇಷ್ಟು ಎಂದಳು. ಮತ್ತೆ ಅಲ್ಲ, ಇಷ್ಟು ಎಂದಳು. ಅಂಗೈಯ ಲೆಕ್ಕದಲ್ಲಿ ಕಲ್ಲು ಕೊಯ್ಯಲಾಗದು. ಕಾಶಪ್ಪ ತಲೆಯಾಡಿಸಿದ. ಆಗ ಅವಳಿಗೆ ಏನೋ ಹೊಳೆದು, ಅಷ್ಟು ದಿನದಲ್ಲಿ ಮೊದಲ ಸಲ ಹಳೆಯ ಗಲಗಲ ದನಿ ಬಂದಿತು.

"ಟೇಶನ್! ಟೇಶನ್ನಿಗಿ ನಡ್ರಿ ಕಾಶಣ್ಣ. ಪ್ಲಾಟ್‌ಫಾರಂ ತುದಿಗಿ ಇಳಕಲ ಇಲ್ಲೇನ್? ಸಂಜಿಕ ಅಲ್ಲಿ ತಿರಗಾಡಾಕ ಹೋದಾಗೊಮ್ಮೆ ಅದರ ಬುಡದಾಗ ನಿಂತು, 'ಇಲ್ಲಿಂದ ಮ್ಯಾಲ ನೋಡು, ಇಷ್ಟೇ ಏರು, ತಂದು ಇಟ್ಟಾಂಗ' ಅಂತಿದ್ರು."

ಇಬ್ಬರೂ ಹೋದರು. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಮುಗಿಯುವಲ್ಲಿ ನೆಲ ಓರೆಯಾಗಿ ಹಳಿಗಳ ಕಡೆಗೆ ಇಳಿಯುತ್ತದೆ. ಕಾಶಪ್ಪ ಅದರ ಬುಡದಲ್ಲಿ ನಿಂತು ಮೇಲೆ ನೋಡಿದ. ಗೆಳೆಯ ಇಲ್ಲಿ ಸಂಜೆಗಳಲ್ಲಿ ಬಂದು ನಿಂತು, ಹಳಿಗಳ ಬದಲು ಸಮುದ್ರ ನೋಡುತ್ತಿದ್ದ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಕಣ್ಣು ಮಂಜಾದವು. ಟವೆಲಿನಲ್ಲಿ ಜಹಾಜು ಇದ್ದದ್ದರಿಂದ ಅಂಗಿಯ ತೋಳಿನಿಂದ ಒರೆಸಿಕೊಂಡ. ಆಮೇಲೆ ಟೀ ಮಾರುವವನಿಂದ ಒಂದು ಕೋಲನ್ನೂ ಸಣ್ಣ ಹಗ್ಗವನ್ನೂ ಇಸಿದುಕೊಂಡು, ಹಗ್ಗದ ತುದಿಗೆ ಕಲ್ಲು ಕಟ್ಟಿ, ಓರೆಯ ಅಳತೆ ಹಿಡಿದು, ಕೋಲಿಗೆ ಗೀರು ಹಾಕಿದ.

"ಅಜ್ಜಾ, ಪ್ಲಾಟ್‌ಫಾರಂ ರಿಪೇರಿ ಮಾಡಸ್ತಾರೇನ್ ರೈಲ್ವೆದವರು?" ಎಂದ ಟೀಯವ.

"ಇಲ್ಲೋ ತಮ್ಮಾ. ಇದು ಸರಿ ಅದ. ನಾನೇ ರಿಪೇರಿ ಆಗಬೇಕಾಗ್ಯದ."

ಮರುದಿನ ಮುಂಜಾನೆ ಪೂಜೆ ಮುಗಿಸಿ ಅವನು ಶೆಡ್ಡಿಗೆ ಹೋಗಿ ಒಂದು ಕೈಯಗಲದ ಕಲ್ಲು ಆರಿಸಿದ. ಅದನ್ನು ಮಶೀನಿಗೆ ಹಿಡಿದು, ಒಂದು ತುದಿಯನ್ನು ಹಾಗೇ ಬಿಟ್ಟು, ಇನ್ನೊಂದು ತುದಿಯ ಕಡೆಗೆ ಜಾರುತ್ತ ತೇಯತೊಡಗಿದ. ದೇವಾನಂದ ಓಡಿ ಬಂದ.

"ಅಪ್ಪಾ, ಏನ್ ಮಾಡಾಕತ್ತಿ? ಕಲ್ಲು ಓರೆ ಆಗಾಕತ್ತದ!"

"ಓರೆ ಆಗಲಂತೇ ಹಿಡದೀನಿ."

"ನೀನು? ಓರೆ?" ದೇವಾನಂದ ಕೆಲಸದವರ ಕಡೆಗೆ ತಿರುಗಿದ. "ಇವತ್ತ ಸೂರ್ಯ ಎಲ್ಲಿ ಹುಟ್ಟ್ಯಾನ ನೋಡ್ರೋ. ನಮ್ಮಪ್ಪ ಓರೆ ಕಲ್ಲು ಮಾಡಾಕತ್ತಾನ!"

"ಹಲ್ಲು ಕಿಸೀಬ್ಯಾಡ. ಯಾವುದು ಹ್ಯಾಂಗ ಇರಬೇಕೋ ಹಾಂಗ ಇದ್ರ ಅದೇ ಮಟ್ಟ. ನೀರು ಬಿಡು."

ಆ ಕಲ್ಲು ತೇಯುವಾಗ ಅವನ ಕೈಗೆ ಮೊದಲು ಹಾದಿ ತಿಳಿಯಲಿಲ್ಲ. ಆಯುಷ್ಯವೆಲ್ಲ ಏರನ್ನು ಕಂಡಲ್ಲಿ ಅಳಿಸಿದ ಕೈ ಅದು. ತಾನಾಗಿಯೇ ಸಮಕ್ಕೆ ಎಳೆಯುತ್ತಿತ್ತು. ನಡುನಡುವೆ ಗೀರು ಹಾಕಿದ ಕೋಲನ್ನು ಹಿಡಿದು ನೋಡಿದ, ತೇಯ್ದ, ಮತ್ತೆ ನೋಡಿದ. ಏರು ಮೊದಲು ಮೆಲ್ಲಗೆ ಹುಟ್ಟಿ ಕೊನೆಗೆ ಪ್ಲಾಟ್‌ಫಾರಮ್ಮಿನ ಓರೆಯಷ್ಟಾಯಿತು. ಅಂಗೈ ಇಟ್ಟು ನೋಡಿದಾಗ ಕೈ ಮೇಲಕ್ಕೆ ಜಾರಿತು. "ಶರಣಬಸಪ್ಪಾ" ಎಂದ. ಓರೆ ಕಲ್ಲಿನ ಮೇಲೆ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಕಷ್ಟದ ಕೆಲಸ ಇನ್ನು ಮುಂದಿತ್ತು. ಅಂಟಿದ ಅಟ್ಟದ ಮುಂಭಾಗವನ್ನು ಬ್ಲೇಡಿನಿಂದ ಬಿಡಿಸಬೇಕು. ಒಮ್ಮೆ ಬಾಗಿಸಿ ನೆಟ್ಟಗೆ ಮಾಡಿದ ಪ್ಲಾಸ್ಟಿಕ್ಕನ್ನು ಮತ್ತೆ ಬಾಗಿಸಬೇಕು. ಬಿಸಿ ಹೆಚ್ಚಾದರೆ ಸುಕ್ಕು, ಕಡಿಮೆಯಾದರೆ ಬಿರುಕು. ಇನ್ನೊಂದು ಅಟ್ಟ ಎಲ್ಲಿಯೂ ಸಿಗದು. ಅಂಥ ಪೆಟ್ಟಿಗೆಯನ್ನು ಈಗ ಯಾರೂ ಮಾಡುವುದಿಲ್ಲವೆಂದು ಫಿರ್ದೋಸ್ ಫೋನಿನಲ್ಲಿ ಹೇಳಿದ್ದಳು. ಇದು ಮುರಿದರೆ ಮಶಾಕನ ಜಹಾಜು ಎರಡನೆಯ ಸಲ ಗುಜರಿ ಸೇರಿದಂತೆ.

ಜಗದೇವಿ ಬಿಸಿನೀರಿನ ಪಾತ್ರೆ ತಂದು ಇಟ್ಟು ಅವನ ಎದುರಿಗೆ ಕೂತಳು.

"ಕೈ ನಡಗಾಕತ್ತಾವೇನ್ರಿ?"

"ನನ್ನ ಕೈ? ಇಲ್ಲ."

"ಮತ್ತ ಆ ಬಟ್ಟಿ ಯಾಕ ನಡಗಾಕತ್ತದ?"

"ನೀ ಉಸರ ಬಿಡೂ ರಭಸಕ್ಕ."

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಆ ನಗುವಿನಲ್ಲಿ ಅವನ ಕೈ ನಿಂತಿತು. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ತುದಿಗೆ ಹೊದಿಸಿದ. ತೆಗೆದ, ಮತ್ತೆ ಹೊದಿಸಿದ. ಬೆರಳಿನಿಂದ ಮುಟ್ಟಿ ನೋಡಿದ. ಕಣಕ ಹದಕ್ಕೆ ಬಂದದ್ದು ಕೈಗೆ ಹೇಗೆ ತಿಳಿಯುವುದೋ ಹಾಗೆ ತಿಳಿಯಿತು. ಒಡಲನ್ನು ಎತ್ತಿ, ಬಿಡಿಸಿದ ತುದಿಯ ಕೆಳಗೆ ಓರೆ ಕಲ್ಲನ್ನು ಸರಿಸಿ, ಮೇಲಿನಿಂದ ಮರಳಿನ ಪುಟ್ಟ ಚೀಲವನ್ನು ಮೆಲ್ಲಗೆ ಇಳಿಸಿದ. ಎಲ್ಲೋ ಟಿಕ್ ಎಂದು ಸಣ್ಣ ಸದ್ದಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕಾಶಪ್ಪ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಪ್ಲಾಸ್ಟಿಕ್ ಆರುವ ತನಕ ಅಲ್ಲಿಂದ ಏಳಲಿಲ್ಲ.

ಚೀಲ ತೆಗೆದಾಗ ತುದಿ ಮೇಲೆದ್ದು ನಿಂತಿತ್ತು. ಬಿರುಕು ಬಿಟ್ಟದ್ದು ಹಳೆಯ ಅಂಟು, ಅಟ್ಟವಲ್ಲ. ಆದರೆ ಈಗ ಏರಿದ ತುದಿಗೂ ಒಡಲಿಗೂ ನಡುವೆ ಎರಡೂ ಮಗ್ಗುಲಲ್ಲಿ ಬಾಯಿಬಿಟ್ಟ ಸಂದು. ಕಾಶಪ್ಪ ಅದನ್ನು ನೋಡುತ್ತ ನೋಡುತ್ತ ತಟ್ಟನೆ ತಲೆ ಎತ್ತಿದ.

"ಜಗದೇವಿ, ಆ ಬೆಂಕಿಪೊಟ್ಟಣ!"

ಅವಳು ಅದಾಗಲೇ ಎದ್ದಿದ್ದಳು. ಮಾಡದಿಂದ ಪೊಟ್ಟಣ ತಂದು ಅವನ ಅಂಗೈಗೆ ಸುರಿದಳು. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದ ಆ ಎರಡು ಬೆಣೆಗಳು. ಚಿಮಟಿಗೆಯಿಂದ ಎತ್ತಿ ಎಡಕ್ಕೊಂದು ಬಲಕ್ಕೊಂದು ಸಂದಿಗೆ ಹಿಡಿದ. ತಳ್ಳುವ ಕೆಲಸವೇ ಬೀಳಲಿಲ್ಲ. ಮನೆಗೆ ಬಂದ ನೆಂಟರು ತಮ್ಮ ಜಾಗಕ್ಕೆ ತಾವೇ ಹೋಗಿ ಕೂತ ಹಾಗೆ ಕೂತವು.

"ಹೆಚ್ಚಿನ ನಟ್ಟು ಅಂದ್ರಿ" ಎಂದಳು ಜಗದೇವಿ.

"ಅಂದೆ."

"ಎಸೀತಿದ್ರಿ."

"ಎಸೀತಿದ್ದೆ. ಸಾಕಾ? ಊರಾಗ ಡಂಗುರ ಹೊಡಸ್ತೀಯೇನು?"

"ಇಲ್ಲ. ತಾಜಮ್ಮಗ ಅಷ್ಟು ಹೇಳ್ತೀನಿ."

ಫಾತಿಹಾದ ದಿನ ವಾಡಿಯ ಮನೆ ತುಂಬಿತ್ತು. ಊದುಬತ್ತಿಯ ಹೊಗೆ, ಒಳಗೆ ಪಾತ್ರೆಗಳ ಸದ್ದು, ಹೊರಗೆ ಚಪ್ಪಲಿಗಳ ರಾಶಿ. ದುವಾ ಮುಗಿಯುವ ತನಕ ಕಾಶಪ್ಪ ತಲೆಗೆ ಟವೆಲ್ ಹೊದ್ದು ಹಿಂದಿನ ಸಾಲಿನಲ್ಲಿ ಕೂತು, ತನ್ನ ದೇವರ ಹೆಸರನ್ನು ತಾನು ಹೇಳಿಕೊಂಡ. ಗೆಳೆಯನಿಗಾಗಿ ಬೇಡುವುದು ಒಂದೇ ಮಾತಾದ್ದರಿಂದ ಅದು ತಪ್ಪಿ ಬೇರೆ ಕಡೆಗೆ ಹೋಗದೆಂಬ ಭರವಸೆ ಅವನಿಗಿತ್ತು.

ಮಂದಿ ಊಟಕ್ಕೆ ಎದ್ದಾಗ ಜಹಾಜನ್ನು ತಂದು ತಾಜುನ್ನಿಸಾಳ ಮುಂದೆ ಇಟ್ಟ. ಈ ಸಲ ಅದರ ಕೆಳಗೆ ಪರ್ಸಿಯ ಪೀಠವಿತ್ತು. ಅದಂತೂ ಕನ್ನಡಿಯಷ್ಟು ಮಟ್ಟ. ಫಿರ್ದೋಸ್ ತಾಯಿಯ ಹೆಗಲ ಹಿಂದಿನಿಂದ ಬಾಗಿ ನೋಡಿದಳು.

ತಾಜುನ್ನಿಸಾ ಈ ಸಲ ಒಂದಲ್ಲ, ಎರಡು ಬೆರಳುಗಳನ್ನು ಜಹಾಜಿನ ಹಿಂಬದಿಗೆ ಇಟ್ಟಳು. ಇಬ್ಬರು ಜೊತೆಯಾಗಿ ನಡೆದಂತೆ ಅವು ಅಟ್ಟದ ಮೇಲೆ ಹೆಜ್ಜೆ ಹಾಕಿದವು. ಏರು ಶುರುವಾಗುವಲ್ಲಿ ಒಂದು ಬೆರಳು ಹಿಂದೆ ಉಳಿಯಿತು. ಇನ್ನೊಂದು ಅದಕ್ಕಾಗಿ ಕಾದು ನಿಂತಿತು. ಆಮೇಲೆ ಎರಡೂ ಕೂಡಿ ಮೇಲಕ್ಕೆ ಹತ್ತಿ ತುದಿಯಲ್ಲಿ ನಿಂತವು.

"ಫಿರ್ದೋಸ್" ಎಂದಳು, ಮಗಳ ಕಡೆಗೆ ತಿರುಗದೆ. "ಇಲ್ಲಿ ನಿಂತಾಗ ನೀ ಅಳಾಕತ್ತಿದ್ದಿ. ಗಾಳಿ ಭಾಳ ಇತ್ತು."

ಫಿರ್ದೋಸ್ ತಾಯಿಯ ಬೆರಳುಗಳ ಪಕ್ಕದಲ್ಲಿ ತನ್ನ ಕಿರುಬೆರಳನ್ನು ಇಟ್ಟಳು.

ಕಾಶಪ್ಪ ಬಾಗಿಲ ಕಡೆಗೆ ಮುಖ ಮಾಡಿ ನಿಂತ. ತಾಜುನ್ನಿಸಾ ಕರೆದಳು.

"ಕಾಶಣ್ಣ."

"ಹೇಳ್ರಿ ಭಾಬಿ. ಮತ್ತೇನರೆ ಸುಧಾರಿಸಬೇಕಾ?"

"ಏನಿಲ್ಲ. ಈ ಮಾಲ ಇನ್ನ ತಿರುಗಿ ಬರಂಗಿಲ್ಲ ನಿಮ್ಮ ಕಡಿ."

ಅವನು ಮುಂದೆ ಬಂದು, ಅಂಗೈಯನ್ನು ಪೀಠದ ಕಲ್ಲಿನ ಮೇಲೆ ಒಮ್ಮೆ ಇಟ್ಟು ತೆಗೆದ. ಅಷ್ಟರಲ್ಲಿ ಒಳಗಿನಿಂದ ಜಗದೇವಿಯ ದನಿ ಕೇಳಿತು. ಅಡಿಗೆಮನೆಯಲ್ಲಿ ಹೆಂಗಸರ ನಡುವೆ ಕೂತು, ಬೆಂಕಿಪೊಟ್ಟಣದ ಕಥೆಯನ್ನು ಅವಳು ಆಗಲೇ ಶುರುಮಾಡಿದ್ದಳು.